ಮುದ್ದೆಯಲ್ಲಿ ಸಿಕ್ಕ ಕಲ್ಲು

…ಅಥವಾ ಮೆಸ್ಸಿನ ಅಕ್ಕ ಆಗ ನಗಲೇ ಇಲ್ಲವೇನೋ. ನಕ್ಕವರು ಮೇಜಿನ ಉಳಿದವರಿರಬಹುದು, ಅದರಲ್ಲೂ ಗಂಗಣ್ಣ. ಆ ನಗುವನ್ನು ನಾನೇ ಆಮೇಲೆ ಅವರ ಮುಖಕ್ಕೆ ಅಂಟಿಸಿರಬಹುದು. ಅವರು ನಕ್ಕಿದ್ದರೆ ನಾನು ಮಾಡಿದ್ದಕ್ಕೆ ಒಂದು ಕಾರಣವಾದರೂ ಸಿಗುತ್ತದೆ. ನಗದಿದ್ದರೆ ಅದೂ ಇಲ್ಲ. ನೆನಪು ಯಾವ ಕಡೆ ವಾಲಿದರೆ ನನಗೆ ಲಾಭ ಎಂದು ಗೊತ್ತಿರುವಾಗ ಆ ನೆನಪನ್ನು ಹೇಗೆ ನಂಬುವುದು? ನಂಬದೆಯೇ ಬರೆಯುತ್ತಿದ್ದೇನೆ.

ಹೋದ ತಿಂಗಳು ಮೆಸ್ಸಿನ ಮುಚ್ಚಿದ ಶಟರ್ ಮೇಲೆ ಒಂದು ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಯಾವುದೋ ಗುರುತಿನ ಚೀಟಿಯ ಫೋಟೊವನ್ನು ದೊಡ್ಡದು ಮಾಡಿಸಿದ್ದರಿಂದ ಮುಖ ಚುಕ್ಕೆ ಚುಕ್ಕೆಯಾಗಿತ್ತು. ಮೂಗುತಿ ಮಾತ್ರ ಸ್ಪಷ್ಟವಾಗಿತ್ತು. ಕೆಳಗೆ ಹೆಸರಿತ್ತು. ಹದಿನೈದು ವರ್ಷ ಅವರ ಕೈಯೂಟ ಉಂಡವನಿಗೆ ಅವರ ಹೆಸರು ಗೊತ್ತಾಗಿದ್ದು ಹೀಗೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಒಮ್ಮೆಯೂ ಕೇಳದ ಹೆಸರನ್ನು ಈಗ ಗೊತ್ತಿದ್ದವನಂತೆ ಬಳಸಲು ನಾಚಿಕೆಯಾಗುತ್ತದೆ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಅರವತ್ತು ದಾಟಿದವರೂ ಅಕ್ಕ ಎನ್ನುತ್ತಿದ್ದರು.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಒಂದು ಕ್ರಾಸಿನಲ್ಲಿ, ಮನೆಯ ಮುಂದಿನ ಕಾರ್ ಶೆಡ್ಡನ್ನೇ ಅವರು ಮೆಸ್ ಮಾಡಿದ್ದರು. ಆ ಶೆಡ್ಡಿಗೆ ಕಾರು ಎಂದೂ ಬಂದಿರಲಿಲ್ಲ. ನಾಲ್ಕು ಗ್ರಾನೈಟ್ ಮೇಜು, ಸುತ್ತ ಪ್ಲಾಸ್ಟಿಕ್ ಸ್ಟೂಲು. ಎಲ್ಲಿ ಜಾಗ ಇದೆಯೋ ಅಲ್ಲಿ ಕೂರಬೇಕು. ಸೋಮವಾರ ಬಸ್ಸಾರು, ಮಂಗಳವಾರ ಉಪ್ಪೆಸರು ಖಾರ, ಮುಂದಿನ ದಿನಗಳು ಮಾರ್ಕೆಟ್ಟಿನಲ್ಲಿ ಸಿಕ್ಕ ಸೊಪ್ಪಿನಂತೆ. ಅವರೆಕಾಯಿ ಕಾಲ ಬಂತೆಂದರೆ ಯಾವ ವಾರವಾದರೂ ಅವರೆಕಾಳೇ. ಮುದ್ದೆ ಮಾತ್ರ ಎಲ್ಲ ದಿನ. ಅನ್ನ ಬಡಿಸಲು, ಸಾರು ಹಾಕಲು ಬೇರೆಯವರಿದ್ದರು. ಮುದ್ದೆಯನ್ನು ಅಕ್ಕ ಒಬ್ಬರೇ ತರುತ್ತಿದ್ದರು. ಒದ್ದೆ ತಟ್ಟೆಯಲ್ಲಿ ನಾಲ್ಕು ಇಟ್ಟುಕೊಂಡು ಒಳಗಿನಿಂದ ಬರುವರು, ಮುದ್ದೆಯನ್ನು ತಟ್ಟೆಗೆ ಇಡುವ ಮೊದಲು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡುವರು. ಒತ್ತಿದ ಗುಳಿ ಮೆಲ್ಲಗೆ ತುಂಬಿಕೊಳ್ಳಬೇಕು. ತುಂಬಿಕೊಳ್ಳದಿದ್ದರೆ ಅದು ವಾಪಸ್ ಒಳಗೆ. ಹಾಗೆ ವಾಪಸ್ ಹೋದದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಅಥವಾ ಒಂದು ಸಲ ನೋಡಿ, ಎರಡು ಸಲ ಹೇಳಿಕೊಂಡು ತಿರುಗಿದ್ದೇನೆ.

"ಇನ್ನೊಂದು ಹಾಕ್ಲಾ?" ಎಂದು ಅವರು ಕೇಳುತ್ತಿರಲಿಲ್ಲ. ಹಿಂದಿನಿಂದ ಬಂದು ಅರ್ಧ ಮುದ್ದೆ ಇಟ್ಟು ಹೋಗುತ್ತಿದ್ದರು. ಬೇಡವೆನ್ನುವ ಹೊತ್ತಿಗೆ ಅವರು ಮುಂದಿನ ಮೇಜಿನಲ್ಲಿ ಇರುತ್ತಿದ್ದರು. "ಬೇಡ ಅನ್ನೋರ ಮುಖ ಬೇರೆ ಇರುತ್ತೆ ಬಿಡಿ," ಎಂದು ಒಮ್ಮೆ ಅಂದಿದ್ದರು.

ನಾನು ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಲೇತಿನಲ್ಲಿ ಕಡೆದ ಪಿನ್ನು, ಬುಷ್ಷುಗಳನ್ನು ಅಳೆದು ಪಾಸ್ ಅಥವಾ ರಿಜೆಕ್ಟ್ ಎಂದು ಗುರುತು ಹಾಕುವುದು ನನ್ನ ಕೆಲಸ. ಗಂಗಣ್ಣ ಅದೇ ಕಾರ್ಖಾನೆಯ ಲೇತ್ ಆಪರೇಟರ್. ಅವನು ಮಾಡಿದ್ದನ್ನು ನಾನು ಅಳೆಯುತ್ತಿದ್ದೆ. ಬೆಳಗ್ಗೆಯೆಲ್ಲ ನಾನು ರಿಜೆಕ್ಟ್ ಮಾಡಿದ್ದಕ್ಕೆ ಮಧ್ಯಾಹ್ನ ಊಟದ ಮೇಜಿನಲ್ಲಿ ಅವನು ಸೇಡು ತೀರಿಸಿಕೊಳ್ಳುತ್ತಿದ್ದ. ಅಕ್ಕನಿಗೆ ನನ್ನ ಕೆಲಸದ ವಿಷಯ ಹೇಳಿದವನೂ ಅವನೇ.

"ಅಕ್ಕ, ಇವ್ನ ಜೇಬಲ್ಲಿ ಒಂದು ಅಳತೆ ಡಬ್ಬಿ ಇರುತ್ತೆ. ಕೂದಲಿನ ದಪ್ಪನೂ ಅಳೀತಾನೆ. ಇವ್ನ ಹೆಂಡ್ತಿ ಚಪಾತಿ ಲಟ್ಟಿಸಿದ್ರೆ ಅದನ್ನೂ ಅಳೀತಾನಂತೆ."

"ಹೌದಾ ಸಾರ್? ಹಂಗಾದ್ರೆ ನನ್ನ ಮುದ್ದೆ ಅಳೀರಿ ನೋಡೋಣ," ಎಂದರು ಅಕ್ಕ. ತಮಾಷೆಗೆ ಅಂದರು ಎಂದುಕೊಂಡೆ. ಅವರು ಒಳಗೆ ಹೋಗಿ ನಾಲ್ಕು ಮುದ್ದೆ ತಂದು ಮೇಜಿನ ಮೇಲಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತರು. ನಾನು ಜೇಬಿನ ಡಬ್ಬಿಯಿಂದ ಕ್ಯಾಲಿಪರ್ ತೆಗೆದು ಒರೆಸಿ ನಾಲ್ಕನ್ನೂ ಅಳೆದೆ. ನಾಲ್ಕರ ನಡುವೆ ಎರಡು ಮಿಲಿಮೀಟರ್ ವ್ಯತ್ಯಾಸ. ಕೈಯಲ್ಲಿ ಕಟ್ಟಿದ, ಹಬೆಯಾಡುವ ಹಿಟ್ಟಿನ ಉಂಡೆಗಳು. ನಾನು ದಂಗಾಗಿಹೋದೆ.

"ಎರಡು ಮಿಲಿಮೀಟರ್ ಅಂದ್ರೆ ಎಷ್ಟು?"

ಬೆರಳ ಸಂದಿನಲ್ಲಿ ತೋರಿಸಿದೆ.

ಅವರು ಅದನ್ನೇ ನೋಡಿದರು. "ಅಷ್ಟು ಯಾಕೆ ಬಂತು?" ಎಂದರು. ನಿಜವಾಗಿಯೂ ಬೇಜಾರಾಗಿತ್ತು ಅವರಿಗೆ. "ಇರ್ಲಿ. ಪಾಸಾ, ಫೇಲಾ?"

"ಪಾಸ್ ಅಕ್ಕ. ನಮ್ಮ ಗಂಗಣ್ಣಂಗಿಂತ ವಾಸಿ."

ಅವತ್ತಿನಿಂದ ಅದು ನಮ್ಮಿಬ್ಬರ ನಡುವಿನ ಮಾತಾಯಿತು. ನಾನು ಕೈತೊಳೆದು ಬರುವಾಗ ಅಡುಗೆ ಮನೆ ಬಾಗಿಲಿನಿಂದ ಕೂಗುತ್ತಿದ್ದರು, "ಪಾಸಾ ಸಾರ್?" ನಾನು ಹೆಬ್ಬೆರಳು ಎತ್ತುತ್ತಿದ್ದೆ.

ಓರಗಿತ್ತಿಯ ವಿಷಯ ಈಗಲೇ ಹೇಳಬೇಕು, ಆಮೇಲೆ ತುರುಕಿದಂತಾಗುತ್ತದೆ. ಅಕ್ಕನ ಗಂಡನ ತಮ್ಮನ ಹೆಂಡತಿ. ಲಗ್ಗೆರೆಯಿಂದ ಬೆಳಗ್ಗೆ ಒಂಬತ್ತಕ್ಕೆ ಬಂದು ಮೆಸ್ಸಿನ ಮೆಟ್ಟಿಲ ಮೇಲೆ ಬಿಸಿಲಿಗೆ ಬೆನ್ನು ಮಾಡಿ ಕೂರುತ್ತಿದ್ದರು. ರಾಗಿಯನ್ನು ಮೊರದಲ್ಲಿ ಕೇರಿ ಕಲ್ಲು ಆರಿಸುವುದು, ಕಾಮಾಕ್ಷಿಪಾಳ್ಯದ ಮಿಲ್ಲಿನಿಂದ ಬೀಸಿ ಬಂದ ಹಿಟ್ಟನ್ನು ಜರಡಿ ಹಿಡಿಯುವುದು ಅವರ ಕೆಲಸ. ಸಾಮಾನ್ಯವಾಗಿ ಅಕ್ಕನೂ ಸೊಪ್ಪು ತಂದುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ನಾನು ಕೆಲಸಕ್ಕೆ ಹೋಗುವ ದಾರಿ ಅದೇ. ಇಬ್ಬರೂ ತಲೆ ಎತ್ತದೆ ಮಾತಾಡುತ್ತಿದ್ದರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಮಾತು ಶುರುವಾಗುತ್ತಿತ್ತು, ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು. ಯಾರ ಮನೆಯಲ್ಲೋ ಏನೋ ಆಗಿದ್ದನ್ನು ಹೇಳಿಕೊಂಡು ಮೊರದ ಮೇಲೆ ಬಾಗಿ ನಗುತ್ತಿದ್ದರು. ರಾಗಿ ಚೆಲ್ಲಿದರೆ, "ನಗು ಸಾಕು, ರಾಗಿ ನೋಡೇ," ಎಂದು ಅಕ್ಕ ಗದರುತ್ತಿದ್ದರು, ತಾವೇ ಮೊದಲು ನಕ್ಕಿದ್ದರೂ.

ಈಗ ನನ್ನ ಗುಟ್ಟು. ನಾನು ಹಾವೇರಿ ಕಡೆಯವನು, ರೊಟ್ಟಿಯ ಮನೆಯವನು. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎನ್ನುವುದು ನನಗೆ ಬೆಂಗಳೂರಿಗೆ ಬಂದ ಮೊದಲ ವಾರದಲ್ಲೇ ಗೊತ್ತಾಗಿತ್ತು. ನುಂಗಲು ಮಾತ್ರ ಬಂದಿರಲಿಲ್ಲ. ಗಂಟಲಲ್ಲಿ ನಿಂತುಬಿಡುತ್ತದೆ ಎಂಬ ಹೆದರಿಕೆ. ಆದ್ದರಿಂದ ಬಾಯಿ ಮುಚ್ಚಿಕೊಂಡು, ದವಡೆ ಕಾಣದಂತೆ, ಒಳಗೊಳಗೇ ಎರಡು ಮೂರು ಸಲ ಅಗಿದು ನುಂಗುತ್ತಿದ್ದೆ. ಮುದ್ದೆ ಉಣ್ಣುವವರ ಮಧ್ಯೆ ಇದು ಎಂಥ ಅವಮಾನದ ಸಂಗತಿ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಹನ್ನೆರಡು ವರ್ಷ ಯಾರಿಗೂ ಗೊತ್ತಾಗದಂತೆ ಹಾಗೆ ಉಂಡಿದ್ದೆ. ಗೊತ್ತಾಗಿರಲಿಲ್ಲ ಎಂದು ನಾನು ಅಂದುಕೊಂಡಿದ್ದೆ ಎಂದು ಬರೆಯುವುದು ಹೆಚ್ಚು ಸರಿ.

ಮೂರು ವರ್ಷದ ಹಿಂದಿನ ಆ ದಿನ ಬೆಳಗ್ಗೆ, ನಾನು ಪಾಸ್ ಮಾಡಿ ಕಳಿಸಿದ್ದ ಒಂದು ಲಾಟ್ ಬುಷ್ಷುಗಳು ಗಿರಾಕಿಯಿಂದ ವಾಪಸ್ ಬಂದಿದ್ದವು. ಮಾಲೀಕರು ಎಲ್ಲರೆದುರು, ನಿಮಗೆ ಕಣ್ಣು ಕಾಣ್ಸುತ್ತೇನ್ರೀ ಎಂದು ಕೇಳಿದ್ದರು. ಅದೇ ಮುಖ ಹೊತ್ತು ಊಟಕ್ಕೆ ಬಂದು ಕೂತಿದ್ದೆ. ಎದುರಿಗೆ ಗಂಗಣ್ಣ, ಪಕ್ಕದಲ್ಲಿ ಗುರುತಿಲ್ಲದ ಇಬ್ಬರು. ಬಸ್ಸಾರು. ಎರಡನೆಯದೋ ಮೂರನೆಯದೋ ತುತ್ತು. ಬಲಗಡೆಯ ದವಡೆಯಲ್ಲಿ ಕಟಕ್ಕೆಂದಿತು.

ಬೆರಳು ಹಾಕಿ ತೆಗೆದೆ. ಕಡಲೆಬೇಳೆಯ ಅರ್ಧದಷ್ಟು, ಕಪ್ಪು ಬೂದು ಬಣ್ಣದ ಚೂರು. ತಟ್ಟೆಯ ಅಂಚಿಗೆ ಹಾಕಿದಾಗ ಟಣ್ಣೆಂದಿತು.

"ಕಲ್ಲು!" ಎಂದೆ. ಬೇಕಾದ್ದಕ್ಕಿಂತ ಜೋರಾಗಿ.

ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದರು. "ಎಲ್ಲಿ ಸಾರ್, ಸೊಪ್ಪಲ್ಲಾ?"

"ಮುದ್ದೇಲಿ."

"ಮುದ್ದೇಲಾ?" ಅವರು ಬಗ್ಗಿ ನೋಡಿದರು. ನಂತರ ನನ್ನ ಮುಖ ನೋಡಿದರು. "ಮುದ್ದೇಲಿ ಕಲ್ಲು ಹಲ್ಲಿಗೆ ಹೆಂಗ್ ಸಿಗುತ್ತೆ ಸಾರ್… ಅಗಿದ್ರಾ?"

ಅವರು ಇದನ್ನು ನಗುತ್ತಾ ಕೇಳಿದರೇ, ಬರೀ ಕೇಳಿದರೇ ಎಂಬುದೇ ನನಗೆ ಖಚಿತವಿಲ್ಲದ ಸಂಗತಿ. ಆಮೇಲಿನದು ಖಚಿತ. ಗಂಗಣ್ಣ ತುತ್ತು ಕೈಯಲ್ಲೇ ಹಿಡಿದು ಸ್ಟೂಲಿನ ಮೇಲೆ ಹಿಂದಕ್ಕೆ ವಾಲಿದ.

"ಥೂ ನಿನ್ನ! ಇಷ್ಟು ವರ್ಷದಿಂದ ಮುದ್ದೆ ಅಗೀತಾ ಇದೀಯೇನೋ? ಎಮ್ಮೆ ಥರ ಮೆಲುಕು ಹಾಕ್ತಾ ಕೂತಿದ್ದಾ ಇಲ್ಲಿ? ಏನ್ರೀ, ನೋಡ್ರೀ ಇವ್ನ, ಮುದ್ದೆ ಅಗಿಯೋನು!"

ಗುರುತಿಲ್ಲದ ಇಬ್ಬರೂ ನಕ್ಕರು. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಅಕ್ಕ ಮಾತ್ರ ಆ ಚೂರನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದಿದ್ದರು. "ಇದು ಜರಡಿ ಕಣ್ಣಿಗಿಂತ ದೊಡ್ಡದಿದೆಯಲ್ಲ ಸಾರ್. ಹಿಟ್ಟಲ್ಲಿ ಹೆಂಗೆ ಬಂತು?"

ನನ್ನ ಕೆಲಸ ಗೊತ್ತಿರುವ ಯಾರಾದರೂ ಈ ಮಾತಿಗೆ ನಿಂತು ಯೋಚಿಸಬೇಕಿತ್ತು. ಜರಡಿಯೂ ಒಂದು ಗೇಜೇ. ಅದರ ಕಣ್ಣಿನಲ್ಲಿ ಹಾಯದ್ದು ಹಿಟ್ಟಿನಲ್ಲಿ ಇರಲು ಸಾಧ್ಯವಿಲ್ಲ. ದಿನವಿಡೀ ನಾನು ಇದೇ ತರ್ಕದಲ್ಲಿ ಸಂಬಳ ತೆಗೆದುಕೊಳ್ಳುತ್ತೇನೆ. ಅವರು ಹೇಳಿದ್ದು ಸರಿಯೆಂದು ಆ ಕ್ಷಣದಲ್ಲೇ ನನಗೆ ಅನಿಸಿತು. ಅನಿಸಿದ್ದರಿಂದಲೇ ಎದ್ದು ನಿಂತೆ.

"ನನ್ನ ಬಾಯಲ್ಲಿ ಸಿಕ್ಕಿದೆ, ಹೆಂಗೆ ಬಂತು ಅಂತ ನನ್ನ ಕೇಳ್ತೀರಾ? ನಮ್ಮಲ್ಲಿ ಒಂದು ಪೀಸ್ ಕೆಟ್ಟಿದ್ರೆ ಇಡೀ ಲಾಟ್ ರಿಜೆಕ್ಟ್ ಮಾಡ್ತೀವಿ. ಇದು ರಿಜೆಕ್ಟ್. ಇವತ್ತಿನ ಅಷ್ಟೂ ರಿಜೆಕ್ಟ್."

ನಗು ನಿಂತಿತು. ನನಗೆ ಬೇಕಿದ್ದುದು ಅದೇ. ಪಕ್ಕದ ಮೇಜಿನವನೊಬ್ಬ ತನ್ನ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದ. ಅದನ್ನು ಅಕ್ಕ ನೋಡಿದರು. ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಆಮೇಲೆ ಒಂದೊಂದೇ ಮೇಜಿಗೆ ಹೋಗಿ, ಎಲ್ಲರ ತಟ್ಟೆಯಿಂದಲೂ ಮುದ್ದೆಯನ್ನು, ಅರ್ಧ ಉಂಡದ್ದನ್ನೂ ಬಿಡದೆ, ತಮ್ಮ ಕೈಯಿಂದಲೇ ತೆಗೆದು ಒಂದು ಪಾತ್ರೆಗೆ ಹಾಕಿಕೊಂಡರು. "ಅನ್ನ ಹಾಕ್ತೀನಿ, ಅನ್ನ ಉಣ್ಣಿ. ಇವತ್ತು ಮುದ್ದೆ ಬೇಡ," ಎಂದರು. ಗಂಗಣ್ಣ ತಟ್ಟೆಗೆ ಕೈ ಅಡ್ಡ ಹಿಡಿದು, "ಅಕ್ಕ ನಂದು ಬಿಡಿ, ನಾನು ನುಂಗೋನು," ಎಂದ. ಅವನದನ್ನೂ ತೆಗೆದರು. ಅನ್ನ ಉಂಡು ಹೋದೆ. ಹಾಗೇ ಎದ್ದುಹೋಗಲಿಲ್ಲ, ಕೂತು ಉಂಡೆ. ಕೈತೊಳೆದು ಬರುವಾಗ ಬಾಗಿಲಿನಿಂದ ಯಾರೂ ಏನೂ ಕೂಗಲಿಲ್ಲ.

ನಾಲ್ಕು ಗಂಟೆಗೆ ಕಾರ್ಖಾನೆಯಲ್ಲಿ ಟೀ ಬಂತು. ಮೊದಲ ಗುಟುಕು ಬಲದವಡೆಗೆ ತಾಗಿದಾಗ ಕಿವಿಯವರೆಗೆ ನೋವು ಹತ್ತಿತು. ನಾಲಿಗೆ ಹಾಕಿ ನೋಡಿದೆ. ಎಷ್ಟೋ ವರ್ಷದ ಹಿಂದೆ ಹಾವೇರಿಯಲ್ಲಿ ಹಾಕಿಸಿದ್ದ ಬೆಳ್ಳಿ ಬಣ್ಣದ ಫಿಲ್ಲಿಂಗ್ ಇದ್ದ ಜಾಗದಲ್ಲಿ ಗುಳಿಯಿತ್ತು. ನಾಲಿಗೆಯ ತುದಿ ಅದರೊಳಗೆ ಸರಿಯಾಗಿ ಕೂರುತ್ತಿತ್ತು. ಕಡಲೆಬೇಳೆಯ ಅರ್ಧದಷ್ಟು.

ಮೆಸ್ಸು ಐದು ನಿಮಿಷದ ನಡಿಗೆ. ನಾಲ್ಕು ಗಂಟೆಗೆ ಅಕ್ಕ ಪಾತ್ರೆ ತೊಳೆಸುತ್ತಾ ಇರುತ್ತಾರೆ, ಗಿರಾಕಿಗಳು ಇರುವುದಿಲ್ಲ. ಹೋಗಿ ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ಏಕೆ ಹೋಗಲಿಲ್ಲ ಎನ್ನುವುದಕ್ಕೆ ದೊಡ್ಡ ಕಾರಣ ಹುಡುಕಲು ನೋಡಿದ್ದೇನೆ, ಸಿಕ್ಕಿಲ್ಲ. ಸಣ್ಣ ಕಾರಣ ಇದೆ. ಮುದ್ದೆ ಅಗಿಯುವವನು ಎಂದು ಆಗಲೇ ಕಾರ್ಖಾನೆಯಲ್ಲೆಲ್ಲ ಸುದ್ದಿಯಾಗಿತ್ತು. ಅಗಿದು ತನ್ನ ಹಲ್ಲನ್ನೇ ಉಗುಳಿ ಕಲ್ಲು ಎಂದವನು ಎಂಬುದು ಗಂಗಣ್ಣನ ಬಾಯಿಗೆ ಸಿಕ್ಕಿದರೆ ನಾನು ನಿವೃತ್ತಿಯಾಗುವವರೆಗೂ ಮುಗಿಯುತ್ತಿರಲಿಲ್ಲ. ಇಷ್ಟೇ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಬೆಳಗ್ಗೆ ಮೆಟ್ಟಿಲ ಮೇಲೆ ಓರಗಿತ್ತಿ ಇರಲಿಲ್ಲ. ಅಕ್ಕ ಒಬ್ಬರೇ ಮೊರ ಹಿಡಿದು ಕೂತಿದ್ದರು. ಪಕ್ಕದಲ್ಲಿ ಹೊಸ ಜರಡಿ, ಅದರ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನನ್ನನ್ನು ನೋಡಿ ತಾವಾಗಿಯೇ ಅಂದರು:

"ಇನ್ಮೇಲೆ ನಾನೇ ಆರಿಸ್ತೀನಿ ಸಾರ್. ಅವಳಿಗೆ ಬರೋದು ಬೇಡ ಅಂದೆ. ಕಣ್ಣು ಮಂಜಾಗಿದೆ ಅವಳಿಗೆ. ಜರಡಿ ಹಿಡೀದೆ ಹಂಗೇ ಸುರಿದಿರ್ತಾಳೆ. ಇನ್ನು ನಿಮಗೆ ಆ ಥರ ಆಗಲ್ಲ."

ಆ ಬೀದಿಯಲ್ಲಿ ಆಗ ನಾವಿಬ್ಬರೇ ಇದ್ದೆವು. ಗಂಗಣ್ಣ ಇರಲಿಲ್ಲ. ನಾನು ಏನಂದೆ ಎನ್ನುವುದು ಇಡೀ ಸಂಗತಿಯಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವ ಮಾತು. "ಹೂಂ," ಅಂದೆ.

ಒಂದು ತಿಂಗಳಾದ ಮೇಲೆ ಬಸವೇಶ್ವರನಗರದ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಹೋದೆ. "ಹಳೇ ಫಿಲ್ಲಿಂಗ್ ಬಿದ್ದುಹೋಗಿದೆಯಲ್ಲ, ನುಂಗ್ಬಿಟ್ರಾ?" ಎಂದರು. ಗೊತ್ತಾಗಲಿಲ್ಲ ಎಂದೆ. ಅವರಿಗೂ ಸುಳ್ಳು ಹೇಳುವ ಅಗತ್ಯ ಏನಿತ್ತು?

ಆ ಮೆಸ್ಸಿಗೆ ಹೋಗುವುದನ್ನು ನಿಲ್ಲಿಸಿದ್ದರೆ ಒಂದು ರೀತಿ ಮರ್ಯಾದೆ ಇರುತ್ತಿತ್ತು. ನಾನು ನಿಲ್ಲಿಸಲಿಲ್ಲ. ಊಟ ಅಷ್ಟು ಚೆನ್ನಾಗಿತ್ತು. ಮುಂದಿನ ಮೂರು ವರ್ಷ ಅಕ್ಕ ಹಿಟ್ಟನ್ನು ಮೂರು ಸಲ ಜರಡಿ ಹಿಡಿದರು. ಬೆಳಗ್ಗೆ ಅದೇ ಮೆಟ್ಟಿಲ ಮೇಲೆ ಒಬ್ಬರೇ, ತಲೆ ಬಗ್ಗಿಸಿಕೊಂಡು. ಕೇರುವಾಗ ಏಳುವ ಧೂಳಿಗೆ ಕೆಮ್ಮು ಬರುತ್ತಿತ್ತು. ಎರಡು ಕೆಲಸ ಒಬ್ಬರ ಮೇಲೆ ಬಿದ್ದದ್ದರಿಂದ ಊಟ ಹನ್ನೆರಡೂವರೆಯ ಬದಲು ಒಂದಕ್ಕೆ ಶುರುವಾಗತೊಡಗಿತು. ನಮಗೆ ಊಟದ ಬಿಡುವು ಅರ್ಧ ಗಂಟೆ. ಕೆಲವರು ಬೇರೆ ಕಡೆ ಹೋದರು. ಉಳಿದವರಲ್ಲಿ ಕೆಲವರು ಗೊಣಗುತ್ತಿದ್ದರು, ಅವರಲ್ಲಿ ನಾನೂ ಇದ್ದೆ. ಹೌದು, ನಾನೂ ಗೊಣಗಿದ್ದೇನೆ.

ಕೆಲವು ವಾರ ನನ್ನ ತಟ್ಟೆಗೆ ಮುದ್ದೆ ಇಡುವ ಮೊದಲು ಅದನ್ನು ಮುರಿದು, ಬೆರಳಲ್ಲಿ ಒತ್ತಿ ನೋಡಿ ಇಡುತ್ತಿದ್ದರು. ಎಲ್ಲರೆದುರು. ನನ್ನ ಕಿವಿ ಸುಡುತ್ತಿತ್ತು. ಆಮೇಲೆ ಒಂದು ದಿನ, ಜನ ಕಡಿಮೆ ಇದ್ದಾಗ, ಎದುರಿನ ಸ್ಟೂಲಿನ ಮೇಲೆ ಕೂತರು. ಅವರು ಗಿರಾಕಿಯ ಎದುರು ಕೂತದ್ದನ್ನು ನಾನು ನೋಡಿರಲಿಲ್ಲ.

"ಸಾರ್, ನಾಚ್ಕೋಬೇಡಿ. ನುಂಗೋದು ಹೇಳ್ಕೊಡ್ತೀನಿ. ನಮ್ಮನೆಗೆ ಬಂದ ಸೊಸೇನೂ ಅಗೀತಿದ್ಳು, ನಿಮ್ಮ ಕಡೆಯೋಳೇ. ಚಿಕ್ಕದಾಗಿ ಮುರೀರಿ. ಇಷ್ಟು. ಸಾರಲ್ಲಿ ಹೊರಳಿಸಿ, ಪೂರ್ತಿ ಒದ್ದೆ ಆಗ್ಬೇಕು. ನಾಲಿಗೆ ಹಿಂದೆ ಇಡಿ. ಈಗ ನೀವೇನೂ ಮಾಡ್ಬೇಡಿ. ಬಿಟ್ಬಿಡಿ, ಅದೇ ಹೋಗುತ್ತೆ."

ಮೊದಲ ಮೂರಕ್ಕೆ ಕಣ್ಣಲ್ಲಿ ನೀರು ಬಂತು. ನಾಲ್ಕನೇ ತುತ್ತಿಗೆ ಹೋಯಿತು.

"ಹೋಯ್ತಾ? ನೋಡಿ, ಹಲ್ಲಿಗೆ ಕೆಲಸಾನೇ ಇಲ್ಲ," ಎಂದು ಮೊಣಕಾಲು ಹಿಡಿದುಕೊಂಡು ಎದ್ದರು.

ಅವತ್ತು ಹೇಳಬಹುದಿತ್ತು. ಅವರ ಮುಖ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಅಂಥ ದಿನಗಳನ್ನು ಲೆಕ್ಕ ಹಾಕುವುದಿಲ್ಲ. ದಿನವೂ ಅಂಥ ದಿನವೇ ಆಗಿತ್ತು, ಏಕೆಂದರೆ ಅವರು ಮತ್ತೆ ಕೂಗಲು ಶುರು ಮಾಡಿದ್ದರು. ನಾನು ಕೈತೊಳೆದು ತಿರುಗುವ ಹೊತ್ತಿಗೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

"ಪಾಸಾ ಸಾರ್?"

ಮುಂಚೆ ಅದು ತಮಾಷೆಯಾಗಿತ್ತು. ಈಗ ಅವರು ಉತ್ತರಕ್ಕೆ ಕಾಯುತ್ತಿದ್ದರು. ಹೆಬ್ಬೆರಳು ಎತ್ತಿದರೆ ಸಾಲದು, ಬಾಯಲ್ಲಿ ಹೇಳಬೇಕಿತ್ತು.

"ಪಾಸ್ ಅಕ್ಕ."

ಇನ್ನೊಂದು ಮಾತಿದೆ. ಅದನ್ನು ಇಲ್ಲಿ ಸೇರಿಸಬೇಕೋ ಬೇಡವೋ ಎಂದು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಹೊಸ ಫಿಲ್ಲಿಂಗ್ ಹಾಕಿಸಿಕೊಂಡು ಬಂದ ಕೆಲವು ದಿನಕ್ಕೆ ಯಾರೋ ನನ್ನನ್ನು ಕೇಳಿದರು, "ಹಲ್ಲು ತೋರಿಸ್ಕೊಂಡ್ರಾ?" ಎಂದು. ಕೇಳಿದ್ದು ನನಗೆ ನೆನಪಿದೆ. ನಾನು ಬೆಚ್ಚಿದ್ದೂ ನೆನಪಿದೆ. ಕೇಳಿದವರು ಅಕ್ಕನೋ, ನನ್ನ ಹೆಂಡತಿಯೋ? ಹೆಂಡತಿಯನ್ನು ವಿಚಾರಿಸಿದೆ. "ನಾನೂ ಕೇಳಿರಬಹುದು, ಯಾರಿಗ್ ನೆನಪೈತಿ," ಎಂದಳು. ಹೆಂಡತಿ ಕೇಳಿದ್ದರೆ ಬೆಚ್ಚುವುದು ಏಕೆ? ಆದರೆ ಅಕ್ಕ ಕೇಳಿದರು ಎಂದುಕೊಂಡರೆ ಸುತ್ತಲಿನ ಚಿತ್ರ ಬರುವುದಿಲ್ಲ. ಅವರ ಕೈಯಲ್ಲಿ ಏನಿತ್ತು, ಯಾವ ಮೇಜು, ಯಾವ ಸಾರು, ಏನೂ ಇಲ್ಲ. ಬರೀ ಆ ಎರಡು ಶಬ್ದ ಗಾಳಿಯಲ್ಲಿ ನಿಂತಿದೆ.

ಈ ವರ್ಷದ ಬೇಸಿಗೆಯಲ್ಲಿ ಅವರಿಗೆ ಮೈ ಹುಷಾರಿಲ್ಲ ಎಂದು ಮೆಸ್ಸು ಮುಚ್ಚಿತು. ಮಂಡಿ ಅಂದರು, ಆಮೇಲೆ ಕಿಡ್ನಿ ಅಂದರು. ದಿನಾ ಅದೇ ದಾರಿಯಲ್ಲಿ ಹೋಗುತ್ತಿದ್ದೆ. ಶೆಡ್ಡಿನ ಹಿಂದೆ ಅವರ ಮನೆ, ಕಿಟಕಿಯಲ್ಲಿ ಬೆಳಕು ಕಾಣುತ್ತಿತ್ತು. ನೋಡಿಕೊಂಡು ಬರೋಣ ಎಂದು ಗಂಗಣ್ಣ ಎರಡು ಸಲ ಕರೆದ. ಅವನು ಹೋಗಿ ಬಂದ. "ಸೊರಗಿ ಹೋಗಿದಾರೆ ಕಣೋ. ಅಷ್ಟ್ರಲ್ಲೂ ನಿನ್ನ ಕೇಳಿದ್ರು. ಅಳತೆ ಸಾರ್ ಬರಲಿಲ್ವಾ ಅಂದ್ರು. ಹೋಗೋ ಒಂದ್ಸಲ," ಎಂದ. ಭಾನುವಾರ ಹೋಗುತ್ತೇನೆ ಎಂದೆ. ಆಮೇಲಿನ ಭಾನುವಾರ ಎಂದೆ. ಆಮೇಲೆ ಫ್ಲೆಕ್ಸ್ ಕಟ್ಟಿದ್ದರು.

ಹನ್ನೊಂದನೇ ದಿನದ ಊಟಕ್ಕೆ ಗಿರಾಕಿಗಳನ್ನೆಲ್ಲ ಕರೆದಿದ್ದರು. ಅದೇ ಶೆಡ್ಡು, ಅದೇ ಮೇಜುಗಳು, ತಟ್ಟೆಯ ಬದಲು ಬಾಳೆ ಎಲೆ. ಮುದ್ದೆಯ ತಟ್ಟೆ ಹಿಡಿದು ಒಳಗಿನಿಂದ ಬಂದವರು ಓರಗಿತ್ತಿ. ಮೂರು ವರ್ಷದಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಎಲೆಗೆ ಇಟ್ಟ ಮುದ್ದೆ ಒಂದು ಕಡೆ ಚಪ್ಪಟೆಯಾಗಿತ್ತು. ಮುರಿದಾಗ ಒಳಗೆ ಹಿಟ್ಟಿನ ಗಂಟು ಕಂಡಿತು. ನಾನು ಅದ್ದಿ ನುಂಗಿದೆ. ಸರಾಗವಾಗಿ ಹೋಯಿತು. ಅದಕ್ಕೇ ಇರಬೇಕು, ಊಟ ಮುಗಿದು ಜನ ಎದ್ದ ಮೇಲೂ ನನಗೆ ಏಳಲಾಗಲಿಲ್ಲ. ಅವರು ಎಲೆ ತೆಗೆಯಲು ಬಂದಾಗ ಹೇಳಿಬಿಟ್ಟೆ.

"ಅಮ್ಮ, ಆವತ್ತು ಮುದ್ದೇಲಿ ಸಿಕ್ಕಿದ ಕಲ್ಲು… ಅದು ಕಲ್ಲಲ್ಲ. ನನ್ನ ಹಲ್ಲಿಗೆ ಹಾಕಿದ್ದ ಸಿಮೆಂಟು. ನಿಮ್ಮ ತಪ್ಪಿರಲಿಲ್ಲ."

"ಯಾವ ಕಲ್ಲು ಸಾರ್?"

"ಮೂರು ವರ್ಷದ ಹಿಂದೆ. ನಿಮ್ಮನ್ನ ಬರೋದು ಬೇಡ ಅಂದ್ರಲ್ಲ, ಅವತ್ತು."

ಅವರು ಎಲೆಯನ್ನು ಅಲ್ಲೇ ಬಿಟ್ಟು ನೆಟ್ಟಗೆ ನಿಂತರು. "ನನಗೆ ಕಲ್ಲಿನ ವಿಷ್ಯ ಹೇಳ್ಲೇ ಇಲ್ಲ ಅಕ್ಕ. ವಯಸ್ಸಾಯ್ತು, ಲಗ್ಗೆರೆಯಿಂದ ಎರಡು ಬಸ್ಸು ಹತ್ಕೊಂಡು ಯಾಕೆ ಬರ್ತೀಯ, ಮನೇಲಿರು ಅಂದ್ರು. ನಾನು ಏನು ತಪ್ಪು ಮಾಡ್ದೆ ಅಂತ ಕೇಳ್ದೆ. ಏನೂ ಇಲ್ಲ ಅಂದ್ರು. ಏನೂ ಇಲ್ದೆ ಯಾರಾದ್ರೂ ಬೇಡ ಅಂತಾರಾ? ಬೇಜಾರಾಗಿ ನಾನೂ ಈ ಕಡೆ ತಲೆ ಹಾಕ್ಲಿಲ್ಲ. ಆಸ್ಪತ್ರೆಗೆ ಸೇರಿಸಿದಾರೆ ಅಂದ್ಮೇಲೇ ಬಂದಿದ್ದು. ಆಗ ಮಾತೇ ಆಡ್ತಿರ್ಲಿಲ್ಲ ಅವರು."

ನಾನು ಎಲೆ ಮಡಿಸಲು ಕೈ ಹಾಕಿದೆ.

"ಮೂರು ವರ್ಷ ಸಾರ್," ಎಂದರು. "ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಯಾವಾಗಿಂದ?"

"ಅವತ್ತೇ. ನಾಲ್ಕು ಗಂಟೆಗೆ."

ಅವರು ಬೈಯಲಿಲ್ಲ. ಬೈದಿದ್ದರೆ ಅದನ್ನು ಇಲ್ಲಿ ಸಂತೋಷದಿಂದ ಬರೆಯುತ್ತಿದ್ದೆ. ಎಲೆ ಮಡಿಸಿ ಬಕೆಟ್ಟಿಗೆ ಹಾಕಿದರು, ಒದ್ದೆ ಬಟ್ಟೆಯಿಂದ ನನ್ನ ಮುಂದಿನ ಮೇಜನ್ನು ಒರೆಸಿದರು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. ನಂತರ ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಕಾದೆ. ಅವರು ಹೊರಗೆ ಬರಲಿಲ್ಲ.

ಹೇಳಿದ್ದರಿಂದ ಯಾರಿಗೆ ಏನು ಸಿಕ್ಕಿತು? ಮೂರು ವರ್ಷ ಕಾರಣವಿಲ್ಲದೆ ನೊಂದವರ ಕೈಗೆ, ಅದನ್ನು ಸರಿಮಾಡಬಲ್ಲವರು ಹೋದ ಮೇಲೆ, ಒಂದು ಕಾರಣ ಕೊಟ್ಟೆ. ಇದನ್ನೇ ಅಕ್ಕ ಆಕೆಗೆ ಕೊಡಬಾರದು ಎಂದು ಮುಚ್ಚಿಟ್ಟಿದ್ದು. ನನ್ನ ಎದುರು ಕಣ್ಣು ಮಂಜು, ಜರಡಿ ಹಿಡಿದಿಲ್ಲ ಎಂದವರು ಆಕೆಯ ಎದುರು ಬಸ್ಸಿನ ಮಾತು ಆಡಿದ್ದರು.

ಈಗ ಉಳಿದದ್ದು ಆ ಚೂರು. ಅರ್ಧ ಜನ್ಮ ರಾಗಿ, ಅವರೆ, ಅಕ್ಕಿ ಆರಿಸಿದ ಬೆರಳುಗಳು ಅಕ್ಕನವು. ಮುದ್ದೆಯ ಹದವನ್ನು ಹೆಬ್ಬೆರಳಿನಲ್ಲಿ ಓದುತ್ತಿದ್ದವರು. ಅವತ್ತು ಅದನ್ನು ಬೆಳಕಿಗೆ ಹಿಡಿದು, ಜರಡಿ ಕಣ್ಣಿಗಿಂತ ದೊಡ್ಡದು ಎಂದು ಒಂದೇ ನೋಟಕ್ಕೆ ಹೇಳಿದವರು, ಮನೆಗೆ ಹೋಗಿ ಸೆರಗಿನ ಗಂಟು ಬಿಚ್ಚಿದ ಮೇಲೆ ಕಲ್ಲು ಯಾವುದು, ಕಲ್ಲಲ್ಲದ್ದು ಯಾವುದು ಎಂದು ತಿಳಿಯದೆ ಇದ್ದರೇ? ತಿಳಿದಿದ್ದರೆ ಓರಗಿತ್ತಿಯನ್ನು ಬೇಡವೆಂದದ್ದು ಏಕೆ, ಮೂರು ವರ್ಷ ಮೂರು ಸಲ ಜರಡಿ ಹಿಡಿದದ್ದು ಏಕೆ? ತಿಳಿಯದಿದ್ದರೆ ನನ್ನ ಹಲ್ಲಿನ ವಿಷಯ ಕೇಳಿದವರು ಯಾರು? ಇಲ್ಲವೆ ಮೊದಲು ತಿಳಿಯದೆ, ಓರಗಿತ್ತಿ ಮುನಿಸಿಕೊಂಡು ದೂರವಾದ ಮೇಲೆ ತಿಳಿಯಿತೇ? ಹಾಗಿದ್ದರೆ ಆ ಬಾಗಿಲಲ್ಲಿ ನಿಂತು ಅವರು ದಿನವೂ ಕೇಳುತ್ತಿದ್ದದ್ದು ಮುದ್ದೆಯ ವಿಷಯವೇ?

ಅವರ ಸಾಮಾನುಗಳ ನಡುವೆ ಸಣ್ಣ ಚೂರೇನಾದರೂ ಸಿಕ್ಕಿತೇ ಎಂದು ಗಂಗಣ್ಣನಿಂದ ಮನೆಯವರನ್ನು ಕೇಳಿಸಿದೆ. ಏಕೆ ಎಂದು ಅವನು ಕೇಳಿದ, ಹೇಳಿ ಮುಗಿಸಿದೆ. ಅವನು ನಗಲಿಲ್ಲ. ಅಂಥದ್ದೇನೂ ಸಿಕ್ಕಿಲ್ಲವಂತೆ.

ಅಕ್ಕ ಅದನ್ನು ಎಸೆದರೋ, ಇಟ್ಟುಕೊಂಡಿದ್ದರೋ ನನಗೆ ಗೊತ್ತಿಲ್ಲ. ಅದು ಏನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.